ಸ್ಲೈಡಿನಲ್ಲಿ ಇಲ್ಲದವಳು

ಕುರ್ಚಿಯನ್ನು ಅಮ್ಮನ ಹೆಣದ ಪಕ್ಕಕ್ಕೆ ಎಳೆದುಕೊಳ್ಳುತ್ತಲೇ ಸೋದರತ್ತೆ ಶುರುಹಚ್ಚಿಕೊಂಡರು. "ನಮ್ಮ ಅತ್ತಿಗೆಗೆ ಸಿಟ್ಟೇ ಎದೇಲಿ ಗಂಟಾಗಿ ಕೂತಿದ್ದು. ಮಗಳು ಜಗಳ ಆಡ್ಕೊಂಡು ಮನೆ ಬಿಟ್ಟಳು, ಮೂರೇ ತಿಂಗಳಿಗೆ ಕ್ಯಾನ್ಸರ್ ಅಂದ್ರು. ಯಾರಿಗೆ ಗೊತ್ತಿಲ್ಲ?"

ಮಗಳಿಗಂತೂ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷದಿಂದ ಆ ಮಾತನ್ನೇ ನುಂಗಿಕೊಂಡು ಬಂದಿದ್ದಳು. ಬೆಳಗಿನಿಂದ ಅಮ್ಮನ ಹತ್ತಿರ ಹೋಗಲು ಧೈರ್ಯ ಸಾಲದೆ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತೆಯ ಬಾಯಿಗೆ ಬೀಗ ಹಾಕಬಲ್ಲವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು; ಅವಳೀಗ ಮಂಚದ ಮೇಲೆ ಮಲಗಿದ್ದಳು.

ಹೊರಗೆ ಲ್ಯಾಬ್ ಮಾಮ ಕೂತಿದ್ದರು. ಆಸ್ಪತ್ರೆಯ ಲ್ಯಾಬಿನಲ್ಲಿ ಅಮ್ಮನ ಪಕ್ಕದ ಟೇಬಲ್ಲು ಅವರದು. ಮಗಳು ಹೋಗಿ ಅವರೆದುರು ನಿಂತಳು.

"ಮಾಮ, ಚಿಂತೆ ಮಾಡಿದಾಗ ಏರೋ ಹಾರ್ಮೋನು ಕ್ಯಾನ್ಸರ್ ಕೋಶಕ್ಕೂ ತಾಗುತ್ತಂತೆ. ಓದಿದೀನಿ. ಅತ್ತೆ ಹೇಳೋದು ನಿಜಾನಾ?"

"ತಾಗಬಹುದು. ಅದನ್ನ ಹಿಡ್ಕೊಳ್ಳೋ ರಿಸೆಪ್ಟರೂ ಕೋಶದ ಮೇಲಿರುತ್ತೆ ಅಂತಾರೆ, ಇನ್ನೂ ಹುಡುಕ್ತಾ ಇದಾರೆ. ಸುಳ್ಳು ಹೇಳಲ್ಲ. ಆದ್ರೆ ನೀನು ಇದನ್ನ ನಿಮ್ಮಮ್ಮನ್ನೇ ಕೇಳಬೇಕಿತ್ತು. ಕೇಳ್ತೀಯ ಅಂತ ಕಾದಿದ್ರು."

*

ಹನ್ನೊಂದು ವರ್ಷದ ಹಿಂದೆ, ತನ್ನ ಗಂಟಿನ ಚೂರಿಟ್ಟ ಗಾಜಿನ ಸ್ಲೈಡಿಗೆ ಅಮ್ಮ ತಾನೇ ಬಣ್ಣ ಹಾಕಿದ್ದಳು. ಮಾಮ ಬೇಡವೆಂದರೆ, "ನನ್ನಷ್ಟು ಚೆನ್ನಾಗಿ ಇಲ್ಲಿ ಯಾರು ಹಾಕ್ತಾರೆ?" ಎಂದಿದ್ದಳು. ಸೂಕ್ಷ್ಮದರ್ಶಕದಲ್ಲಿ ಎಲ್ಲೆಲ್ಲೂ ಕಡು ಕಂದು. ಹೆಣ್ಣಿನ ಮೈಯಲ್ಲಿ ತಾನಾಗಿ ಹರಿಯುವ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಇದ್ದರೆ ಬರುವ ಬಣ್ಣ ಅದು. ಆ ಹಾರ್ಮೋನಿನ ಕುಮ್ಮಕ್ಕಿನಿಂದಲೇ ಗಂಟು ಬೆಳೆಯುತ್ತಿತ್ತು.

"ಹಾರ್ಮೋನು ತಡೆಯೋ ಮಾತ್ರೆಗೆ ಬಗ್ಗುತ್ತೆ" ಎಂದು ಅಮ್ಮ ನಕ್ಕಳು.

"ಮನೇಲಿ ಜಗಳ ಆಯ್ತಲ್ಲ, ಅದರಿಂದ..." ಮಾಮ ರಾಗ ಎಳೆದರು.

ಅಮ್ಮ ದುರುಗುಟ್ಟಿಕೊಂಡು ನೋಡಿದಳು. "ಜಗಳ ಆಗಿ ಮೂರು ತಿಂಗಳು. ಇಷ್ಟು ದೊಡ್ಡ ಗಂಟು ವರ್ಷಗಟ್ಟಲೆ ಬೆಳೆದಿರುತ್ತೆ. ನನ್ನ ಮಗಳು ಈ ಸ್ಲೈಡಲ್ಲಿಲ್ಲ. ಯಾರಾದ್ರೂ ಇದನ್ನ ಅವಳ ತಲೆಗೆ ಕಟ್ಟಿದ್ರೆ ನಾನು ಸುಮ್ಮನಿರಲ್ಲ."

ಆಪರೇಷನ್ ಆದ ಮೇಲೆ ಹತ್ತು ವರ್ಷ ಮಾತ್ರೆ ಕಾಯಿಲೆಯನ್ನು ಕಟ್ಟಿಹಾಕಿತ್ತು. ಹೋದ ವರ್ಷ ಅದಕ್ಕೂ ಜಗ್ಗದೆ ಮೂಳೆಗೆ ಇಳಿಯಿತು.

*

ಮಾಮ ಹೇಳಿ ಮುಗಿಸಿದ ಮೇಲೆ ಮಗಳು ಒಳಗೆ ಬಂದಳು.

"ಅತ್ತೆ, ಸಾಕು. ನಾನು ಜಗಳ ಆಡೋ ಮುಂಚೇನೇ ಆ ಗಂಟು ಇತ್ತು. ಅಮ್ಮನೇ ನೋಡಿ ಹೇಳಿದಾಳೆ. ಸಿಟ್ಟಿಂದ ಸಾಯೋ ಹಾಗಿದ್ರೆ, ದಿನಾ ನಿಮ್ಮ ಹತ್ರ ಜಗಳ ಆಡ್ಕೊಂಡು ಹನ್ನೊಂದು ವರ್ಷ ಬದುಕ್ತಿದ್ಲಾ?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ಮೆಲ್ಲಗೆ ಮಾತಾಡೇ, ಹೆಣದ ಮುಂದೆ..."

"ಮೆಲ್ಲಗೆ ಮಾತಾಡಲ್ಲ."

ಅವಳು ಮಂಚದ ಅಂಚಿಗೆ ಕೂತಳು. ಮೊಲೆ ತೆಗೆದು ಚಪ್ಪಟೆಯಾಗಿದ್ದ ಅಮ್ಮನ ಎಡ ಎದೆಯ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಳು. ಹೊತ್ತೊಯ್ಯಲು ಬಂದ ನಾಲ್ವರು ಬಾಗಿಲಲ್ಲೇ ಕಾದು ನಿಂತರು.