ಮಸ್ಕತ್ತಿನ ಪೆನ್ನಿಗೆ ರೀಫಿಲ್

ನನ್ನ ಗಂಡ ಉಮಾನಾಥರ ಸ್ವರ ನಮ್ಮೂರು ಮಟ್ಟುವಿನಲ್ಲಿ ಮಾತ್ರವಲ್ಲ, ಕಟಪಾಡಿ, ಕಾಪುವಿನವರೆಗೂ ಹೆಸರುವಾಸಿ. ಎಲ್ಲಿ ವಾಲಿಬಾಲ್ ಪಂದ್ಯಾಟವಾದರೂ ಮೈಕು ಅವರ ಕೈಗೆ ಬರಬೇಕು. ಬಾರದಿದ್ದರೆ ತಾವೇ ಹೋಗಿ ತೆಗೆದುಕೊಳ್ಳುತ್ತಿದ್ದರು. ಕಳೆದ ವರ್ಷ ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಕುತ್ತಿಗೆಯಲ್ಲೊಂದು ತೂತು, ಒಳಗೊಂದು ಪುಟ್ಟ ವಾಲ್ವ್. ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಮಾತು ಬರುತ್ತದೆ. ಆಸ್ಪತ್ರೆಯಲ್ಲಿ ಒಮ್ಮೆ ಹಾಗೆ ಮಾತಾಡಿ, ತಮ್ಮ ಹೊಸ ಸ್ವರವನ್ನು ತಾವೇ ಕೇಳಿ, ಬೆರಳು ಕೆಳಗಿಳಿಸಿದವರು ಮತ್ತೆ ಮೇಲೆತ್ತಲಿಲ್ಲ.

ಮಗಳು ಯಶ್ಮಿತಾ ಮಸ್ಕತ್ತಿನಿಂದ ಬಂದಾಗ ಅಪ್ಪನಿಗೊಂದು ಪೆನ್ನು ತಂದಳು. ಕಪ್ಪು ಮೈ, ಬಂಗಾರದ ಬಣ್ಣದ ಕ್ಲಿಪ್ಪು, ಹಿಡಿದರೆ ತೂಕ ತಿಳಿಯುವಂಥದ್ದು. ಮದ್ದಿನ ದೆಸೆಯಿಂದ ಇವರ ಬೆರಳುಗಳಿಗೆ ಜೋಮು. ಸಪೂರ ಪೆನ್ನು ಜಾರುತ್ತದೆ, ಮೊಬೈಲಿನಲ್ಲಿ ಒತ್ತಿದ್ದು ಒಂದಾದರೆ ಬರುವುದು ಇನ್ನೊಂದು. ಈ ಪೆನ್ನು ಮಾತ್ರ ಕೈಯಲ್ಲಿ ನಿಂತಿತು. ಅಂದಿನಿಂದ ಪ್ಯಾಡಿನಲ್ಲಿ ಬರೆದೇ ಮಾತು. ನಾವು ಹುಟ್ಟಿದಂದಿನಿಂದ ಆಡಿದ್ದು ತುಳು, ಬರೆಯಲು ಬರುವುದು ಕನ್ನಡ. ಹಾಗಾಗಿ 'ಇಂದಿನ ಸಾರಿನಲ್ಲಿ ಉಪ್ಪು ತುಸು ಅಧಿಕವಾಗಿದೆ ಎಂದು ತಿಳಿಸಲು ವಿಷಾದಿಸುತ್ತೇನೆ' ಎಂದು ಬರೆದು ತೋರಿಸುತ್ತಿದ್ದರು. ಮೈಕಿನ ಚಾಳಿ. ನಾನು ನಕ್ಕರೆ ಅವರ ಹೊಟ್ಟೆಯೂ ಕುಲುಕುತ್ತಿತ್ತು.

ಆ ಪೆನ್ನು ಒಂದು ದಿನ ಬರೆಯುವುದು ನಿಲ್ಲಿಸಿತು. ಕೊಡವಿ ನೋಡಿದರು, ಅಂಗೈಗೆ ಉಜ್ಜಿ ನೋಡಿದರು, ಬಿಸಿನೀರಿನಲ್ಲಿ ಅದ್ದಿದರು. ಆಮೇಲೆ ಪ್ಯಾಡನ್ನು ಕಪಾಟಿನ ಮೇಲಿಟ್ಟು ಮುಖ ಊದಿಸಿ ಕುಳಿತರು. ಏನು ಕೇಳಿದರೂ ತಲೆ ಅಲ್ಲಾಡಿಸುವುದು, ಅಷ್ಟೆ. ಸ್ವರ ಹೋದಾಗಲೂ ನಮ್ಮ ಮನೆ ಇಷ್ಟು ಸುಮ್ಮನಾಗಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಪೆನ್ನನ್ನು ಕೈಬಿಡಲು ಅವರು ಒಪ್ಪದ ಕಾರಣ, ಖಾಲಿ ರೀಫಿಲನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿಕೊಂಡು ಹೊರಟೆ.

ಕಾಪುವಿನ ಅಂಗಡಿಯಿಂದ ತಂದದ್ದು ಪೆನ್ನಿನೊಳಗೆ ಎಲ್ಲಿಗೋ ಇಳಿದುಹೋಯಿತು. ಕಾರ್ಕಳದಲ್ಲಿ ಪುಸ್ತಕದ ಅಂಗಡಿ ಇಟ್ಟಿರುವ ನನ್ನ ತಮ್ಮ ಜಿತೇಂದ್ರ, "ಇದಕ್ಕೆಲ್ಲ ಎಂತ ತಲೆಬಿಸಿ ಬೇಬಿಯಕ್ಕ?" ಎಂದು ಬೇರೊಂದು ರೀಫಿಲನ್ನು ಬ್ಲೇಡಿನಲ್ಲಿ ಕತ್ತರಿಸಿ, ಹಿಂದೆ ಕಾಗದ ತುರುಕಲು ಹೇಳಿಕೊಟ್ಟ. ಅದು ನಾಲ್ಕು ಸಾಲು ಬರೆಯುವಷ್ಟರಲ್ಲಿ ಸೋರಿ ಇವರ ಬಿಳಿ ಅಂಗಿಯ ಕಿಸೆಯನ್ನೆಲ್ಲ ನೀಲಿ ಮಾಡಿತು. ಸೋರಿದ್ದು ನಾನೇ ಎಂಬಂತೆ ನನ್ನನ್ನು ನೋಡಿದರು. ಉಡುಪಿಯ ಅಂಗಡಿಯವರು, "ಹಿಂದೆ ತಿರುಪು ಉಂಟಲ್ವಾ ಅಮ್ಮ, ಇದಕ್ಕೆ ಆ ಕಂಪನಿಯದ್ದೇ ಆಗಬೇಕು. ಮಣಿಪಾಲದಲ್ಲಿ ಕೇಳಿ ನೋಡಿ" ಎಂದರು.

ಮಣಿಪಾಲದಲ್ಲಿ ಕಾಲೇಜು ಮಕ್ಕಳ ನಡುವೆ ನುಗ್ಗಿ ಅಂಗಡಿಯ ಗಾಜಿನ ಮೇಲೆ ಕರ್ಚೀಫು ಬಿಚ್ಚಿದೆ. ಅಂಗಡಿಯಾಕೆ ಒಂದು ಪೊಟ್ಟಣ ಒಡೆದು ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟಳು. ಉದ್ದ, ದಪ್ಪ, ತಿರುಪು, ಎಲ್ಲ ಅದೇ. ನನಗೆ ಹೋದ ಜೀವ ಬಂದಂತಾಯಿತು.

ಬಸ್ಸಿಗೆ ಕಾಯುತ್ತಿದ್ದಾಗ ದೀಕ್ಷಿತಾ ಸಿಕ್ಕಿದಳು. ಆಸ್ಪತ್ರೆಯಲ್ಲಿ ಇವರಿಗೆ ಮಾತು ಕಲಿಸಲು ಹೆಣಗಿ ಸೋತ ಹುಡುಗಿ.

"ಅಂಕಲ್ ಈಗ ಮಾತಾಡ್ತಾರಾ ಆಂಟಿ?"

"ಎಲ್ಲಿಯ ಮಾತು! ಪೆನ್ನು ಮುಗಿದು ಬರೆಯುವುದೂ ನಿಂತಿತ್ತು. ಇಗೋ, ಇವತ್ತು ಸಿಕ್ಕಿತು" ಎಂದು ದೊಡ್ಡ ಸಾಧನೆ ಮಾಡಿದವಳಂತೆ ರೀಫಿಲ್ ತೋರಿಸಿದೆ.

ಅವಳು ಅದನ್ನು ಕೈಗೆ ತೆಗೆದುಕೊಂಡು ನೋಡಿ ಹಿಂದಕ್ಕೆ ಕೊಟ್ಟಳು. "ವಾಲ್ವ್ ಸರಿ ಉಂಟು ಆಂಟಿ, ಗಂಟಲೂ ಸರಿ ಉಂಟು. ಪೆನ್ನು ಇರುವವರೆಗೆ ಅವರು ಕುತ್ತಿಗೆಗೆ ಬೆರಳು ಇಡುವುದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಅಲೆದದ್ದು ನಾನು, ಉಪದೇಶ ಇವಳದ್ದು. ಬಸ್ಸು ಉಡುಪಿ ದಾಟುವವರೆಗೂ ಮನಸ್ಸಿನಲ್ಲೇ ಅವಳನ್ನು ಬೈದೆ. ಬೈದು ಮುಗಿದ ಮೇಲೆ ಒಂದು ಮಾತು ಉಳಿಯಿತು: ಪೆನ್ನು ಬಂದ ದಿನ ನಿರಾಳವಾದದ್ದು ಅವರೊಬ್ಬರಿಗೇ ಅಲ್ಲ. ಆ ಹೊಸ ಸ್ವರ ಕೇಳಲು ನನಗೂ ಧೈರ್ಯವಿರಲಿಲ್ಲ. ಊರೂರು ಅಲೆದದ್ದು ಅವರಿಗಾಗಿ ಎಷ್ಟೋ, ನನಗಾಗಿಯೂ ಅಷ್ಟೇ.

ಮನೆಗೆ ಬಂದಾಗ ಇವರು ಜಗಲಿಯಲ್ಲಿ ಪೆನ್ನನ್ನು ಬಿಚ್ಚಿಟ್ಟುಕೊಂಡು ಕಾಯುತ್ತಿದ್ದರು. ನನ್ನನ್ನು ಕಂಡದ್ದೇ ಅಂಗೈ ಚಾಚಿದರು.

"ಸಿಗಲಿಲ್ಲ" ಎಂದೆ.

ಹುಬ್ಬು ಮೇಲೇರಿತು. ಮಣಿಪಾಲದಲ್ಲೂ?

"ಅಲ್ಲೂ ಇಲ್ಲ. ಅದು ಈಗ ಬರುವುದೇ ಇಲ್ಲವಂತೆ."

ಚಾಚಿದ ಕೈ ಮೆಲ್ಲಗೆ ಮಡಿಲಿಗೆ ಇಳಿಯಿತು. ಅದನ್ನು ನೋಡಲಾರದೆ ಒಳಗೆ ಹೋಗಿ ಒಲೆ ಹಚ್ಚಿದೆ. ಸೆರಗಿನೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ರೀಫಿಲ್ ಚುಚ್ಚುತ್ತಿತ್ತು. ಇಂಥ ಗಂಡನಿಗೆ ಇಂಥ ಅನ್ಯಾಯ ಮಾಡಬಹುದೇ ಎಂದು ಅಳು ಬಂತು. ಚಾ ಕುದಿಯಲಿ, ಕೊಟ್ಟುಬಿಡುತ್ತೇನೆ ಎಂದುಕೊಂಡೆ. ಚಾ ಕುದಿಯಿತು. ಸೋಸಿದೆ. ಸೆರಗಿನೊಳಗೆ ಕೈ ಹಾಕಿದೆ.

ಆಗ ಬೆನ್ನ ಹಿಂದೆ ಒಂದು ಸದ್ದು. ತುರಿಮಣೆಯಲ್ಲಿ ಕಾಯಿ ಮುಗಿದು ಗೆರಟೆ ಕೆರೆದ ಹಾಗೆ.

"ಬೇಬಿ."

ತಿರುಗಿದೆ. ಬಾಗಿಲಲ್ಲಿ ನಿಂತಿದ್ದರು. ಬೆರಳು ಕುತ್ತಿಗೆಯ ಮೇಲಿತ್ತು, ಮುಖ ಕೆಂಪಾಗಿತ್ತು.

"ಬೇಬಿ, ನೀನು ಹೇಳಿದ್ದು ಸುಳ್ಳು."

ಮೂವತ್ತು ವರ್ಷ ನಾನು ಕೇಳಿದ ಸ್ವರ ಅದಲ್ಲ. ಒರಟು, ಒಡಕು, ಯಾರದ್ದೋ ಸ್ವರ. ಆದರೆ ಸುಳ್ಳು ಹೇಳಿದಾಗಲೆಲ್ಲ ನನ್ನನ್ನು ಹಿಡಿದುಹಾಕುವ ಆ ಗತ್ತು ಮಾತ್ರ ಇವರದ್ದೇ. ಕೈಯನ್ನು ಸೆರಗಿನಿಂದ ಬರಿದಾಗಿಯೇ ಹೊರಗೆ ತೆಗೆದೆ.

"ಕೇಳಲಿಲ್ಲ" ಎಂದೆ. "ಎಂತ ಹೇಳಿದ್ದು?"

ಅವರು ಉಸಿರು ಎಳೆದುಕೊಂಡು, ಬೆರಳನ್ನು ಇನ್ನಷ್ಟು ಒತ್ತಿ ಹಿಡಿದು, ಪಕ್ಕದ ಮನೆಯವರಿಗೂ ಕೇಳುವಂತೆ ನನ್ನನ್ನು ಬೈಯತೊಡಗಿದರು.