ಬಾಳೆಹಣ್ಣಿಗೆ ಬಿದ್ದ ಬ್ರಾಕೆಟ್

ಮಕ್ಕಳ ಹಲ್ಲಿನ ಕ್ಲಿಪ್ ಕಿತ್ತು ಬಂದರೆ ಮೊದಲು ಬೈಸಿಕೊಳ್ಳುವವಳು ನಾನು. ಹಲ್ಲು ಒಣಗಿಸಿ, ತಂತಿ ಹಿಡಿಯುವ ಪುಟಾಣಿ ಬ್ರಾಕೆಟ್ಟಿನ ಬೆನ್ನಿಗೆ ಅಂಟು ಹಚ್ಚಿ ಡಾಕ್ಟರ ಕೈಗೆ ಕೊಡುವುದು ಹದಿನಾಲ್ಕು ವರ್ಷದಿಂದ ನನ್ನ ಕೆಲಸ. ಹಾಗಾಗಿ ಬಸ್ ಡ್ರೈವರ ಮಗಳು ಸತತ ನಾಲ್ಕನೇ ತಿಂಗಳೂ ಕಿತ್ತುಬಂದ ಬ್ರಾಕೆಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಾಗ ನನಗೆ ಮೈಯೆಲ್ಲ ಉರಿಯಿತು.

“ಏನಮ್ಮಾ ತಿಂದೆ?” ಎಂದರು ಡಾಕ್ಟರು.

“ಬಾಳೆಹಣ್ಣು,” ಎಂದಳು ಆ ಹನ್ನೊಂದರ ಹುಡುಗಿ, ಏನೂ ಅರಿಯದವಳಂತೆ. “ಅದೂ ತುಂಬಾ ಮೆತ್ತಗಿತ್ತು.”

ಡಾಕ್ಟರು ತಿರುಗಿ ನನ್ನನ್ನು ದುರುಗುಟ್ಟಿ ನೋಡಿದರು. “ಅಂಟು ಸರಿಯಾಗಿ ಹಚ್ತಿದೀರಾ?”

“ಹೋಗ್ಲಿ ಬಿಡಿ ಡಾಕ್ಟ್ರೇ,” ಎಂದರು ಪಕ್ಕದಲ್ಲಿದ್ದ ಅವಳ ಅಪ್ಪ. “ಸಿಸ್ಟರ್‌ಗೂ ಒಂದೊಂದ್ಸಲ ತಪ್ಪಾಗುತ್ತೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈ ಕ್ಷಮೆ ನುಂಗಲಾರದ ತುತ್ತಾಯಿತು. ಎಂದೋ ಮುಗಿಯಬೇಕಿದ್ದ ಚಿಕಿತ್ಸೆ ಅದು. ಬ್ರಾಕೆಟ್ ಬಿದ್ದಾಗಲೆಲ್ಲ ಮತ್ತೆ ಅಂಟಿಸಿ ತೆಳು ತಂತಿಯಿಂದ ಶುರು ಮಾಡಬೇಕಿತ್ತು, ಮುಗಿಯುವ ದಿನ ಮುಂದಕ್ಕೆ ಹೋಗುತ್ತಿತ್ತು.

ಮೆತ್ತನೆ ಬಾಳೆಹಣ್ಣಿಗೆ ಬ್ರಾಕೆಟ್ ಬೀಳುವುದುಂಟೇ ಎಂದು ಮುಂದಿನ ತಿಂಗಳು ಕಾದು ಕೂತೆ. ಹೆಸರು ಬರೆಸಲು ಅಪ್ಪ ಮಹಡಿ ಮೇಲಿನ ನಮ್ಮ ಕ್ಲಿನಿಕ್ಕಿಗೆ ಬಂದರು, ಮಗಳು ಬರಲಿಲ್ಲ. ಸದ್ದಿಲ್ಲದೆ ಮೆಟ್ಟಿಲಿಳಿದೆ. ತಿರುವಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು ಮಹಾತಾಯಿ. ಚಮಚದ ಹಿಡಿಯನ್ನು ಬಾಯೊಳಗಿಟ್ಟು, ಪಂಕ್ಚರ್ ಅಂಗಡಿಯವನು ಟೈರ್ ಮೀಟುವಂತೆ ಮೀಟುತ್ತಿದ್ದಳು!

“ಸಿಕ್ಕಿಬಿದ್ಯಾ ಕಳ್ಳಿ! ನನ್ನ ಮಾನ ಕಳೆದ್ಯಲ್ಲೇ! ಯಾಕೆ ಹೀಗ್ ಮಾಡ್ತೀಯ?”

ಚಮಚ ಬೆನ್ನ ಹಿಂದೆ ಹೋಯಿತು. ಕಣ್ಣಲ್ಲಿ ನೀರು ತುಂಬಿತು.

“ಕ್ಲಿಪ್ ತೆಗೆದ್ಬಿಟ್ರೆ ಅಪ್ಪ ರಜಾ ಹಾಕಲ್ಲ ಆಂಟಿ. ಮನೇಲಿ ನಾವು ಐದು ಜನ ಮಕ್ಕಳು. ಇಲ್ಲಿಗೆ ಬರೋ ದಿನ ಮಾತ್ರ ಅಪ್ಪ ನಂಗೊಬ್ಬಳಿಗೇ.”

ನನ್ನ ಸಿಟ್ಟು ಜರ್ರನೆ ಇಳಿಯಿತು. ಪಾಪ ಅನ್ನಿಸಿತು. ಹಾಗಂತ ಹಲ್ಲು ಹಾಳಾಗಲು ಬಿಡಲಾದೀತೆ? ಅವಳನ್ನು ಒಳಗೆ ಕಳಿಸಿ, ಅಪ್ಪನನ್ನು ಹೊರಗೆ ಕರೆದು ಇದ್ದದ್ದನ್ನು ಇದ್ದಹಾಗೇ ಹೇಳಿದೆ. ಬೈದೀರಿ ಜೋಕೆ ಎಂದೂ ಸೇರಿಸಿದೆ. ಆ ಮನುಷ್ಯ ಕೈಯಲ್ಲಿದ್ದ ಟೋಕನ್ ಚೀಟಿಯನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದರು. ಹೋಗುವಾಗ ಮಗಳ ಕಿವಿಯಲ್ಲಿ ಏನೋ ಹೇಳಿದರು.

ಆಮೇಲೆ ಒಂದು ಬ್ರಾಕೆಟ್ಟೂ ಬೀಳಲಿಲ್ಲ. ಮೂರನೇ ತಿಂಗಳು ಕ್ಲಿಪ್ ತೆಗೆದೆವು. ಹುಡುಗಿ ನಾಲಿಗೆಯಿಂದ ಹಲ್ಲು ಸವರಿ ಸವರಿ ನೋಡಿಕೊಂಡಳು. ಪೀಡೆ ತೊಲಗಿತು ಎಂದುಕೊಂಡೆ.

ಅದರ ಮುಂದಿನ ತಿಂಗಳು, ಅದೇ ವಾರ, ಅದೇ ಹೊತ್ತು, ಅಪ್ಪ ಮಗಳು ಬಾಗಿಲಲ್ಲಿ ಹಾಜರು!

“ಮತ್ತೇನಾಯ್ತ್ರೀ?”

“ಏನೂ ಆಗಿಲ್ಲ ಸಿಸ್ಟರ್. ಇವತ್ತು ಇವಳಿಗೆ ಅಂತ ರಜಾ ಹಾಕಿದೀನಿ,” ಎಂದರು ಅಪ್ಪ, ತಲೆ ಕೆರೆದುಕೊಳ್ಳುತ್ತ. “ಎಲ್ಲಿಗ್ ಹೋಗೋಣ ಅಂತ ಕೇಳಿದ್ರೆ, ಇಲ್ಲಿಗೇ ಅಂದ್ಲು.”

ಫ್ಯಾನ್ ಕೆಳಗಿನ ಎರಡು ಕುರ್ಚಿ ತೋರಿಸಿದೆ.