ರುದ್ರಭೂಮಿಯ ಕರಕಿ

ಸ್ಕಾಟ್ಲೆಂಡಿನಿಂದ ಬೀಜ ತರಿಸಿ ಬೆಳೆಸಿದ ಹುಲ್ಲು ಆ ವರ್ಷವೂ ಮೇ ತಿಂಗಳಲ್ಲಿ ಸತ್ತಿತು. ಎಪ್ಪತ್ತನೆಯ ಇಸವಿ. ಮುಂಬಯಿಯ ಕುರ್ಲಾದ ಆಚೆಗಿದ್ದ ಗಾಲ್ಫ್ ಕ್ಲಬ್ಬೊಂದರಲ್ಲಿ, ಚೆಂಡು ಉರುಳಿ ಕುಳಿಗೆ ಬೀಳಬೇಕಾದ ನುಣುಪು ಜಾಗಕ್ಕೆ ಗ್ರೀನ್ ಎನ್ನುತ್ತಿದ್ದರು. ಬೇಸಿಗೆ ಬಂತೆಂದರೆ ಅದರ ಬಣ್ಣ ಹಳೆಯ ಗೋಣಿಚೀಲದ್ದು. ಮೆಂಬರುಗಳು ಸೆಕ್ರೆಟರಿಯನ್ನು ಬೈದರು. ಸೆಕ್ರೆಟರಿ ಮೇಜರ್ ದಳವಿ, ಸೈನ್ಯದಿಂದ ನಿವೃತ್ತನಾಗಿ ಬಂದವನು, ಶೆಟ್ಟೆಪ್ಪನನ್ನು ಕರೆಸಿ ಬೈದ.

ಶೆಟ್ಟೆಪ್ಪ ಧಾರವಾಡದ ಕೃಷಿ ಕಾಲೇಜಿನಲ್ಲಿ ಓದಿ ಮುಂಬಯಿಗೆ ಬಂದವನು. ಕ್ಲಬ್ಬಿನ ಹುಲ್ಲಿನ ಉಸ್ತುವಾರಿ ಅವನದು. ತಂಪು ದೇಶದ ಹುಲ್ಲನ್ನು ಈ ಸೆಕೆಯಲ್ಲಿ ಬದುಕಿಸುವುದು ಆಗದ ಮಾತು ಎಂದು ಅವನು ಮೊದಲಿನಿಂದಲೂ ಹೇಳುತ್ತಲೇ ಇದ್ದ. ನಮ್ಮ ಕಡೆ ಕರಕಿ ಎನ್ನುವ, ಎಲ್ಲೆಂದರಲ್ಲಿ ಹಬ್ಬುವ ಗರಿಕೆ ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಅದರ ಎಲೆ ಒರಟು, ಚೆಂಡು ಅದರ ಮೇಲೆ ಕುಪ್ಪಳಿಸುತ್ತದೆ. ಅದರಲ್ಲೇ ಸಣ್ಣ ಎಲೆಯದು, ಗಿಡ್ಡದು, ದಿನಾ ಕತ್ತರಿಸಿದರೂ ಸಾಯದಂಥದು ಎಲ್ಲಾದರೂ ಇದ್ದೇ ಇರಬೇಕು ಎಂಬ ಹಟ ಅವನಿಗೆ ಹಿಡಿದಿತ್ತು. ರಜೆ ಸಿಕ್ಕಾಗಲೆಲ್ಲ ಚೀಲದಲ್ಲಿ ಹುಲ್ಲು ಅಗೆಯುವ ಖುರ್ಪಿ ಇಟ್ಟುಕೊಂಡು ಲೋಕಲ್ ರೈಲು ಹತ್ತುತ್ತಿದ್ದ. ಮಲಾಡ್ ಕಡೆಯ ಉಪ್ಪುನೀರಿನ ಅಂಚು, ಸಾಂತಾಕ್ರೂಜ್ ವಿಮಾನ ನಿಲ್ದಾಣದ ಬೇಲಿ, ರೈಲುಹಳಿಯ ಏರಿ, ಎಲ್ಲಿ ಹಸಿರು ಕಂಡರೂ ಬಗ್ಗಿ ಕೂರುತ್ತಿದ್ದ. ಹೆಂಡತಿ ಸೇವಂತಿ, "ಊರ ದನಾ ಆಗೀರಿ ನೀವು," ಎಂದು ನಗುತ್ತಿದ್ದಳು.

ಸಿಕ್ಕಿದ್ದು ಅವನು ಹುಡುಕದ ಜಾಗದಲ್ಲಿ. ಕುರ್ಲಾದ ಚಾಳಿನಲ್ಲಿದ್ದ ಅವನ ದೂರದ ಮಾವ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದ. ಕಟ್ಟಡ ಕೆಲಸಕ್ಕೆಂದು ವಿಜಾಪುರ, ಬೆಳಗಾವಿ ಕಡೆಯಿಂದ ಬಂದ ಲಿಂಗಾಯತರು ಹೊಲಸು ನಾಲೆಯ ಪಕ್ಕದ ಏರು ನೆಲವೊಂದನ್ನು ರುದ್ರಭೂಮಿ ಮಾಡಿಕೊಂಡಿದ್ದರು. ಕಾಗದಪತ್ರ ಏನೂ ಇರಲಿಲ್ಲ, ಹಳೆಯ ವಾಡಿಕೆ ಅಷ್ಟೆ. ಉರಿಬಿಸಿಲಲ್ಲಿ ಸುತ್ತಲಿನ ನೆಲವೆಲ್ಲ ಬಿರಿದು ನಿಂತಿತ್ತು. ಹಳೆಯ ಸಮಾಧಿಗಳ ಮೇಲೆ ಮಾತ್ರ ಹುಲ್ಲು ಹಸಿರು ರೇಶಿಮೆಯಂತೆ ಹಾಸಿಕೊಂಡಿತ್ತು. ಎಷ್ಟೋ ವರ್ಷ ಆಡುಗಳು ಕಚ್ಚಿ ಕಚ್ಚಿ ಅದು ಎತ್ತರಕ್ಕೆ ಏಳುವುದನ್ನೇ ಮರೆತಂತಿತ್ತು. ಶೆಟ್ಟೆಪ್ಪ ಅಲ್ಲೇ ಬಗ್ಗಿ ಕೂತ. ಮಣ್ಣಿಗೆ ಬಂದವನು ಹುಲ್ಲು ನೋಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಅವನು ನೋಡುತ್ತಿದ್ದ ಸಮಾಧಿಯ ಹತ್ತಿರವೇ ಒಬ್ಬ ಹೆಂಗಸು ನಿಂತಿದ್ದಳು. ರುದ್ರವ್ವ. ಇಟ್ಟಿಗೆ ಹೊರುವ ಕೆಲಸದವಳು, ಶೆಟ್ಟೆಪ್ಪನಿಗಿಂತ ಹಿರಿಯಳು. ಆ ಸಮಾಧಿ ಅವಳ ಗಂಡ ಅಣವೀರಪ್ಪನದು. ಕಟ್ಟುತ್ತಿದ್ದ ಬಿಲ್ಡಿಂಗಿನ ಮೇಲಿಂದ ಬಿದ್ದು ಸತ್ತವನು.

"ಅಕ್ಕಾ, ಈ ಕರಕಿ ಒಂದೀಟು ತಗೊಳ್ಳಲೇನು?" ಎಂದು ಕೇಳಿದ.

"ಪೂಜಾಕೇನು?"

"ಅಲ್ಲ, ಬೆಳಸಾಕ. ನಮ್ಮ ಕ್ಲಬ್ಬಿನ್ಯಾಗ ಹಚ್ಚಿ ನೋಡ್ಬೇಕು."

ರುದ್ರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಒಂದು ಚಿವುಟು ತಗೊ ತಮ್ಮಾ. ಬೇರಿಗಿ ಕೈ ಹಾಕಿ ಅಗೀಬ್ಯಾಡ. ಅವ್ರು ಕೆಳಗ ಕುಂತಾರ."

ಲಿಂಗಾಯತರು ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಶೆಟ್ಟೆಪ್ಪ ನೆಲದ ಮೇಲೆ ಹರಿದಿದ್ದ ಒಂದೆರಡು ಬಳ್ಳಿಗಳನ್ನಷ್ಟೇ ಉಗುರಿನಿಂದ ಚಿವುಟಿ ಒದ್ದೆ ಕರವಸ್ತ್ರದಲ್ಲಿ ಸುತ್ತಿಕೊಂಡ.

ಆ ಚಿವುಟು ಕ್ಲಬ್ಬಿನ ಶೆಡ್ಡಿನ ಹಿಂದೆ ಕುಂಡಕ್ಕೆ ಬಿತ್ತು, ಕುಂಡದಿಂದ ಮಡಿಗೆ ಬಂತು. ಬೇರೆ ಬೇರೆ ಕಡೆಯಿಂದ ತಂದಿದ್ದ ಹುಲ್ಲುಗಳ ಪಕ್ಕದಲ್ಲೇ ಅದನ್ನೂ ಬೆಳೆಸಿದ. ಮರುವರ್ಷದ ಬೇಸಿಗೆಯಲ್ಲಿ ಎಲ್ಲಕ್ಕೂ ನೀರು ಕಡಿಮೆ ಮಾಡಿ, ಮಷೀನಿನ ಬ್ಲೇಡು ಇಳಿಸಿ ನೆಲಕ್ಕಂಟಿ ಕತ್ತರಿಸುತ್ತ ಹೋದ. ಒಂದು ಮಡಿ ಹಳದಿಯಾಯಿತು, ಇನ್ನೊಂದು ಕೊಳೆಯಿತು, ಉಳಿದವೂ ಒಂದೊಂದಾಗಿ ಬೋಳಾದವು. ರುದ್ರಭೂಮಿಯ ಕರಕಿ ಮಾತ್ರ ಇನ್ನಷ್ಟು ದಟ್ಟವಾಯಿತು.

ಮೇಜರ್ ದಳವಿ ಬಂದು ಬೂಟು ಕಳಚಿ, ಬರಿಗಾಲಲ್ಲಿ ಆ ಮಡಿಯ ಮೇಲೆ ನಿಂತ. ಚೆಂಡೊಂದನ್ನು ಉರುಳಿಸಿದ. ಚೆಂಡು ಸದ್ದಿಲ್ಲದೆ ಹೋಗಿ ನಿಂತಿತು.

"ಕಮಾಲ್ ಹೈ!" ಎಂದ ಮೇಜರ್. "ಎಲ್ಲಿಂದ ತಂದೆ?"

ಶೆಟ್ಟೆಪ್ಪ ಖುಷಿಯಲ್ಲಿದ್ದ. ಇದ್ದದ್ದು ಇದ್ದ ಹಾಗೆ ಹೇಳಿದ. ಈ ಮಡಿಯಿಂದಲೇ ಬೆಳೆಸುತ್ತ ಹೋದರೆ ಎರಡು ಮಳೆಗಾಲದಲ್ಲಿ ಎಲ್ಲ ಗ್ರೀನುಗಳಿಗೂ ಆಗುತ್ತದೆ ಎಂದೂ ಹೇಳಿದ.

"ಡಿಸೆಂಬರಿನಲ್ಲಿ ಟೂರ್ನಮೆಂಟು. ಹೊರದೇಶದವರು ಆಡಲು ಬರುತ್ತಾರೆ. ಎರಡು ಮಳೆಗಾಲ ಯಾರು ಕಾಯುತ್ತಾರೆ? ಅಲ್ಲೇ ಬೇಕಾದಷ್ಟಿದೆಯಲ್ಲ?"

"ಸಾಹೇಬ್, ಅದು ಸ್ಮಶಾನ. ನಮ್ಮ ಜನರದು. ಅದನ್ನು ಮುಟ್ಟುವ ಹಾಗಿಲ್ಲ."

ಮೇಜರ್ ನಕ್ಕು ಅವನ ಬೆನ್ನು ತಟ್ಟಿದ. ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ, ಕತ್ತರಿಸುವ ಮಷೀನಿಗೆ ಹೊಸ ಬ್ಲೇಡು ಬೇಕಾಗಿದೆ, ನೀನೇ ಹೋಗಿ ನೋಡಿ ತಾ ಎಂದು ಅವನನ್ನು ಪುಣೆಗೆ ಕಳಿಸಿದ.

ಪುಣೆಯಿಂದ ಬ್ಲೇಡು ಹೊತ್ತುಕೊಂಡು ಬಂದ ಶೆಟ್ಟೆಪ್ಪ ಕ್ಲಬ್ಬಿನ ಗೇಟು ದಾಟಿದಾಗ, ಕ್ಲಬ್‌ಹೌಸಿನ ಮುಂದಿನ ದೊಡ್ಡ ಗ್ರೀನಿನ ಮೇಲೆ ಮಾಲಿಗಳು ರೋಲರು ಎಳೆಯುತ್ತಿದ್ದರು. ಮರಳಿನ ಮೇಲೆ ಹುಲ್ಲಿನ ಬಳ್ಳಿಗಳನ್ನು ತುಂಡುತುಂಡು ಮಾಡಿ ಹರಡಿದ್ದರು. ಅವನು ಬಗ್ಗಿ ಒಂದು ತುಂಡು ಎತ್ತಿಕೊಂಡ. ನೋಡುತ್ತಲೇ ಗೊತ್ತಾಯಿತು. ಬೇರಿಗೆ ಅಂಟಿದ್ದ ಮಣ್ಣು ಕ್ಲಬ್ಬಿನದಲ್ಲ. ಅದರಲ್ಲಿ ಬೆಳ್ಳಗೆ ವಿಭೂತಿಯ ಚೂರಿತ್ತು.

"ಯಾವಾಗ ತಂದ್ರೋ ಇದನ್ನ?" ಎಂದು ಹಿರಿಯ ಮಾಲಿ ಅಣ್ಣುವನ್ನು ಕೇಳಿದ.

ಅಣ್ಣು ತಲೆ ತಗ್ಗಿಸಿದ. "ನೀವು ಪುಣೆಗೆ ಹೋದ ಮರುದಿನ. ಕಂತ್ರಾಟುದಾರ ಲಾರಿ ತಂದಿದ್ದ. ಚಾಳಿನವರೆಲ್ಲ ಕೆಲಸಕ್ಕ ಹೋದ ಹೊತ್ತು ನೋಡಿ ಎಬ್ಬಿಸಿ ತಂದಾರ. ನಮಗ ಹರಡರಿ ಅಂದ್ರು, ಹರಡಿದ್ವಿ."

ಬ್ಲೇಡನ್ನು ಅಲ್ಲೇ ಎಸೆದು ಶೆಟ್ಟೆಪ್ಪ ಕುರ್ಲಾಕ್ಕೆ ಹೋದ. ಬರಬಾರದಿತ್ತು ಎನಿಸುವಂಥ ನೋಟ. ರುದ್ರಭೂಮಿಯ ಚರ್ಮ ಸುಲಿದಂತಿತ್ತು. ಗುರುತಿಗೆ ನೆಟ್ಟ ಕಲ್ಲುಗಳನ್ನು ಕಿತ್ತು ಒಂದು ಮೂಲೆಗೆ ರಾಶಿ ಹಾಕಿದ್ದರು. ನೆಲವನ್ನು ಹಿಡಿದು ನಿಲ್ಲಿಸಿದ್ದ ಹುಲ್ಲು ಹೋದ ಮೇಲೆ ಮಳೆಗೆ ಮಣ್ಣು ಕುಸಿದು, ಎರಡು ಮೂರು ಕಡೆ ಕುಣಿಗಳು ಬಾಯಿ ತೆರೆದಿದ್ದವು. ಹೆಂಗಸರು ಬುಟ್ಟಿಯಲ್ಲಿ ಮಣ್ಣು ತಂದು ತಂದು ಮುಚ್ಚುತ್ತಿದ್ದರು.

ರುದ್ರವ್ವ ಅವನನ್ನು ಕಂಡು ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. ಒಂದು ಹಿಡಿ ಕೆಸರು ಬಾಚಿ ಅವನ ಎದೆಗೆ ಹೊಡೆದಳು.

"ಬಂದ್ಯಾ? ಇನ್ನೇನ್ ಉಳದೈತಿ ಒಯ್ಯಾಕ? ಒಂದು ಚಿವುಟು ಅಂತ ಕೇಳಿದ್ದಿ. ನಾ ಕೊಟ್ಟೆ. ನಾಯಿಗಿ ತುತ್ತು ಹಾಕಿದ್ರ ಅದು ಬಾಗಿಲಾ ಕಾಯ್ತೈತಿ. ನೀ ಲಾರಿ ಕಳಿಸಿದಿ!"

"ಅಕ್ಕಾ, ನಾ ಕಳಿಸಿಲ್ಲ. ನಾ ಊರಾಗ ಇರ್ಲಿಲ್ಲ."

"ಜಾಗಾ ಹೇಳಿದವ್ರ ಯಾರು?"

ಶೆಟ್ಟೆಪ್ಪ ಅವಳು ಕೆಳಗಿಟ್ಟ ಬುಟ್ಟಿಗೆ ಕೈ ಹಾಕಿದ.

"ತೋರಸು," ಎಂದಳು ಅವಳು, ಕಲ್ಲಿನ ರಾಶಿಯ ಕಡೆ ಕೈ ಮಾಡಿ. "ನೀ ಶಾಣ್ಯಾ ಅದಿ. ನನ್ನ ಗಂಡಂದು ಎಲ್ಲಿ ತೋರಸು. ಎಂಟು ವರ್ಷ ಕಣ್ಣ ಮುಚ್ಚಿ ನಡಕೊಂಡ ಬರ್ತಿದ್ದೆ. ಇವತ್ತು ಎಲ್ಲಿ ನಿಂತು ಕೈ ಮುಗೀಲಿ?"

ಅಲ್ಲಿಂದ ಅವನು ನೇರ ಕ್ಲಬ್‌ಹೌಸಿಗೆ ನಡೆದ. ಅಂಗಿಯ ಕೆಸರು ಒರೆಸಿಕೊಳ್ಳಲಿಲ್ಲ. ವರಾಂಡದ ಬೆತ್ತದ ಕುರ್ಚಿಯಲ್ಲಿ ಮೇಜರ್ ಚಹಾ ಕುಡಿಯುತ್ತಿದ್ದ.

"ಸಮಾಧಿ ಅಗೆಸಿದಿರಾ ಸಾಹೇಬ್?"

"ಕೂಗಬೇಡ. ಸಮಾಧಿ ಯಾರು ಅಗೆದರು? ಹುಲ್ಲು ತೆಗೆಸಿದೆ. ಅದು ಸರಕಾರಿ ನೆಲ, ಯಾರ ಹೆಸರಿಗೂ ಇಲ್ಲ. ಅವರಿಗೊಂದು ಕಾಂಪೌಂಡು ಕಟ್ಟಿಸಿಕೊಟ್ಟರಾಯಿತು. ನಿನಗೂ ಒಳ್ಳೆಯದಾಗುತ್ತದೆ. ಇದು ನೀನು ಆರಿಸಿದ ಹುಲ್ಲಲ್ಲವೆ?"

ಆ ಕೊನೆಯ ಮಾತಿಗೆ ಶೆಟ್ಟೆಪ್ಪನ ಮೈಯೆಲ್ಲ ಹೊತ್ತಿಕೊಂಡಿತು. "ನಿಮ್ಮ ತಂದೆಯ ಚಿತೆಯ ಜಾಗದಲ್ಲಿ ಚೆಂಡು ಆಡುತ್ತೀರಾ?" ಎಂದ. ಮೇಜರ್ ಚಹಾ ಕಪ್ಪನ್ನು ಸಾಸರಿಗೆ ಕುಕ್ಕಿದ. "ಗೆಟ್ ಔಟ್!" ಎಂದು ಅವನು ಎದ್ದು ನಿಂತ. ಶೆಟ್ಟೆಪ್ಪ ಹೊರಗೆ ಬಂದ, ಆದರೆ ಮನೆಯ ಕಡೆಗಲ್ಲ, ಕುರ್ಲಾದ ಚಾಳಿಗೆ ಮತ್ತೆ ಹೋದ. ಬಾಗಿಲಿಂದ ಬಾಗಿಲಿಗೆ ಹೋಗಿ ಹೇಳಿದ: "ನಿಮ್ಮ ಹುಲ್ಲು ಎಲ್ಲೈತಿ ಅಂತ ನನಗ ಗೊತ್ತೈತಿ. ನಾಳಿ ಮುಂಜಾನೆ ಬರ್ರಿ."

ಯಾರೂ ಅವನ ಮುಖ ನೋಡಲಿಲ್ಲ. ಆದರೆ ಬೆಳಿಗ್ಗೆ ಬಂದರು. ಕೆಲಸ ಬಿಟ್ಟು, ಬುಟ್ಟಿ, ಖುರ್ಪಿ ಹಿಡಿದು, ರುದ್ರವ್ವನ ಹಿಂದೆ ಇಡೀ ಚಾಳಿನ ಹೆಂಗಸರು. ಗೇಟಿನ ವಾಚ್‌ಮನ್ ಅಡ್ಡ ಬಂದ. ರುದ್ರವ್ವ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು. ಗ್ರೀನಿನ ಹತ್ತಿರ ಮಾಲಿಗಳು ಏನು ಮಾಡಬೇಕು ಎಂದು ಶೆಟ್ಟೆಪ್ಪನ ಮುಖ ನೋಡಿದರು. ಇನ್ನೂ ಅವನ ಮಾತಿಗೇ ಕಾಯುತ್ತಿದ್ದರು.

"ಸರೀರಿ ಹಿಂದಕ್ಕ," ಎಂದ ಅವನು. "ಕೀಳ್ಲಿ."

ತಾನೂ ಮೊದಲ ಸಾಲಿನಲ್ಲಿ ಕೂತು ಖುರ್ಪಿ ಹಾಕಿದ. ನುಣ್ಣಗೆ ಒತ್ತಿದ್ದ ಮರಳು ಹರಿದುಕೊಂಡು ಬಂತು. ಹೆಂಗಸರು ಅಳಲಿಲ್ಲ, ಕೂಗಲಿಲ್ಲ. ಹಲ್ಲು ಕಚ್ಚಿ ಕಿತ್ತರು. ಮೇಜರ್ ಓಡಿ ಬಂದು ಕಿರುಚಿದ, ಪೊಲೀಸರಿಗೆ ಫೋನು ಮಾಡಿದ. ಇನ್ಸ್‌ಪೆಕ್ಟರ್ ಬಂದು ಬುಟ್ಟಿಗಳನ್ನು ನೋಡಿ, "ಏನು ಕಳುವಾಗಿದೆ?" ಎಂದು ಕೇಳಿದ.

"ನಮ್ಮ ಹುಲ್ಲು," ಎಂದ ಮೇಜರ್.

"ಎಲ್ಲಿ ಕೊಂಡಿದ್ದು?"

ವರಾಂಡದಲ್ಲಿ ಮೆಂಬರುಗಳು ನೆರೆದಿದ್ದರು. ಮೇಜರ್ ಅವರ ಕಡೆ ನೋಡಿದ, ಹೆಂಗಸರ ಕಡೆ ನೋಡಿದ. ಶೆಟ್ಟೆಪ್ಪ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ಹೇಳಿ ಸಾಹೇಬ್! ಎಲ್ಲಿಂದ ತರಿಸಿದಿರಿ ಹೇಳಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಮೇಜರ್ ಬೆನ್ನು ತಿರುಗಿಸಿ ವರಾಂಡದ ಮೆಟ್ಟಿಲು ಹತ್ತಿದ. ಇನ್ಸ್‌ಪೆಕ್ಟರ್ ಟೋಪಿ ಸರಿ ಮಾಡಿಕೊಂಡು ಜೀಪು ಹತ್ತಿದ.

ತುಂಡಾದ ಬಳ್ಳಿಗಳು ಬುಟ್ಟಿಗಳಲ್ಲಿ ರುದ್ರಭೂಮಿಗೆ ವಾಪಸು ಹೋದವು. ಯಾರ ಸಮಾಧಿಯದು ಯಾವುದು ಎಂದು ಹೇಳುವವರಿಲ್ಲ. ಕಲ್ಲುಗಳನ್ನು ನೆನಪಿನ ಮೇಲೆ, ಜಗಳವಾಡಿಕೊಂಡು ನೆಟ್ಟರು. ಹುಲ್ಲನ್ನು ಸಿಕ್ಕ ಸಿಕ್ಕಲ್ಲಿ ಊರಿದರು. ಮಳೆ ಹಿಡಿದಿದ್ದರಿಂದ ಅರ್ಧಕ್ಕರ್ಧ ಚಿಗುರಿತು.

ಶೆಟ್ಟೆಪ್ಪನ ನೌಕರಿ ಅವತ್ತೇ ಹೋಯಿತು. ಕ್ಲಬ್ಬಿನವರು ಮುಂದೆ ಅಮೆರಿಕದಿಂದ ಬಿಸಿಲು ತಡೆಯುವ ತಳಿಯೊಂದನ್ನು ತರಿಸಿ ಹಾಕಿದರಂತೆ, ಚೆನ್ನಾಗಿಯೇ ಬಂತಂತೆ. ಮೇಜರ್ ಸೆಕ್ರೆಟರಿಯಾಗಿಯೇ ಉಳಿದ. ಅದನ್ನು ಕೇಳಿದಾಗ ಶೆಟ್ಟೆಪ್ಪ ಉಣ್ಣುತ್ತಿದ್ದ ತಾಟು ಸರಿಸಿ ಎದ್ದುಬಿಟ್ಟ. ಅವನಿಗೆ ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ತೋಟದ ಕೆಲಸ ಸಿಕ್ಕಿತ್ತು.

ಮಳೆಗಾಲ ಮುಗಿದ ಮೇಲೆ ಚಾಳಿನವರು ರುದ್ರಭೂಮಿಗೆ ತಾವೇ ಗೋಡೆ ಕಟ್ಟಲು ಹೊರಟರು. ವಾರದ ರಜೆಯ ದಿನ ಶೆಟ್ಟೆಪ್ಪ ಹೊರಟು ನಿಂತರೆ ಸೇವಂತಿ ತಡೆದಳು. "ಅಲ್ಲಿ ಯಾರೂ ನಿಮ್ಮನ್ನ ಮಾತಾಡ್ಸಂಗಿಲ್ಲ. ಯಾಕ ಹೋಗ್ತೀರಿ?" ಅವನು ಚಪ್ಪಲಿ ಮೆಟ್ಟಿದ.

ರುದ್ರವ್ವ ಗೋಡೆಯ ಹತ್ತಿರ ಗಾರೆ ಕಲಸುತ್ತಿದ್ದಳು. ಅವನು ಕಲ್ಲೊಂದನ್ನು ತಂದಿಟ್ಟು, "ಅಕ್ಕಾ, ಇನ್ನೂ ಸಿಟ್ಟೇನು?" ಎಂದ.

ಅವಳು ತಲೆ ಎತ್ತಲಿಲ್ಲ. "ನಿನ್ನ ಮ್ಯಾಲಿನ ಸಿಟ್ಟು ನಾ ಸತ್ತ ಮ್ಯಾಲೆ ಹೋಗ್ತೈತಿ. ಅಲ್ಲೀತನಕ ಕಲ್ಲು ಹೊರು."

ಶೆಟ್ಟೆಪ್ಪ ಕಲ್ಲಿನ ರಾಶಿಯ ಕಡೆಗೆ ತಿರುಗಿದ.